ಪಾನಶೇತ್, ಕೊಯ್ನಾ, ಫುಕುಶಿಮಾ

ರಾಜ್ಯೋತ್ಸವದ ಸಂಚಿಕೆಯಲ್ಲಿ ನಾಡಿನ ವೈಭವವನ್ನೂ ನುಡಿಯ ಸೊಬಗನ್ನೂ ಹಿರಿಯರ ಸಾಹಸವನ್ನೂ ಕುರಿತು ಬರೆಯುವುದು ವಾಡಿಕೆ. ಇಂಥ ಮಂಗಲ ಸಮಯದಲ್ಲಿ ಭೂಕಂಪ, ಜಲಪ್ರಳಯ, ಅಣುಸ್ಥಾವರದ ಅಪಘಾತ ಎಂಬ ಅಮಂಗಲದ ಮಾತೇಕೆ ಎಂದು ವಾಚಕರು ಕೇಳಬಹುದು. ಕೇಳಿದರೆ ತಪ್ಪಿಲ್ಲ. ಆದರೆ ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದವರಿಗೆ ಪರಸ್ಥಳವು ನಿಜವಾಗಿ ತಮ್ಮದಾಗುವುದು ಅದರ ಕೇಡುಗಾಲದಲ್ಲಿ ಪಾಲುಗೊಂಡ ಮೇಲೆಯೇ. ಪುಣೆಯ ಕನ್ನಡಿಗರಾದ ನಾವು ಈ ಪಟ್ಟಣದ ದೊಡ್ಡ ಕೇಡೊಂದನ್ನು ಕಣ್ಣಾರೆ ಕಂಡವರು. ಇನ್ನೊಂದರ ಅಂಜಿಕೆಯನ್ನು ನೆರೆಹೊರೆಯವರೊಡನೆ ಒಂದೇ ಅಂಗಳದಲ್ಲಿ ನಿಂತು ಉಂಡವರು. ಅದನ್ನು ನಮ್ಮ ಮಕ್ಕಳಿಗೆ ಹೇಳಿಡುವುದೂ ಸಂಘದ ಕೆಲಸವೆಂದೇ ನಮ್ಮ ಎಣಿಕೆ.

2011ನೆಯ ಇಸವಿ ಮಾರ್ಚ್ 11, ಶುಕ್ರವಾರ. ಜಪಾನದ ಈಶಾನ್ಯ ಕರಾವಳಿಯಲ್ಲಿ 9ರ ಪ್ರಮಾಣದ ಭೂಕಂಪವಾಗಿ, ಕಡಲು ಊರುಗಳ ಮೇಲೆ ಏರಿಬಂದ ಚಿತ್ರಗಳನ್ನು ನಾವು ಮನೆಯ ಟೆಲಿವಿಜನ್ನಿನಲ್ಲಿ ನೋಡುತ್ತ ಕುಳಿತಿದ್ದೆವು. ಮೊಮ್ಮಕ್ಕಳು ಅದೆಲ್ಲೋ ದೂರದ ದೇಶದ ಸುದ್ದಿಯೆಂಬಂತೆ ಬೆರಗಾಗಿ ನೋಡುತ್ತಿದ್ದರು. ಮೂಲೆಯಲ್ಲಿ ಕುಳಿತಿದ್ದ ನಮ್ಮ ತಾಯಿಯವರು, ಆಗ ಅವರಿಗೆ ಎಂಬತ್ತು ದಾಟಿತ್ತು, ಮೆಲ್ಲಗೆ ಅಂದರು: “ನೀರು ಹಿಂಗ ಬರತದ. ನಾ ನೋಡೀನಿ.” ಮರುದಿನ ಅಣುಸ್ಥಾವರದ ಮೇಲ್ಛಾವಣಿ ಹಾರಿದ ಚಿತ್ರ ಬಂದಾಗ ಅವರು ಕೇಳಿದ್ದು ಒಂದೇ ಮಾತು: “ಮಂದಿಗೆ ಖರೇ ಹೇಳ್ಯಾರೇನೋ ತಮ್ಮಾ?”

ಆ ಪ್ರಶ್ನೆಯ ಹಿಂದೆ ಐವತ್ತು ವರ್ಷದ ಇತಿಹಾಸವಿತ್ತು.

1956ರ ನವೆಂಬರ್ 1ಕ್ಕೆ ಮುಂಚೆ ಬೆಳಗಾವಿ, ವಿಜಾಪುರ, ಧಾರವಾಡ, ಕಾರವಾರ ಜಿಲ್ಲೆಗಳೆಲ್ಲ ಮುಂಬಯಿ ಪ್ರಾಂತಕ್ಕೆ ಸೇರಿದ್ದವೆಂಬುದು ಹಿರಿಯರಿಗೆ ಗೊತ್ತು. ಆ ಕಾಲದಲ್ಲಿ ಉತ್ತರದ ಕನ್ನಡಿಗನಿಗೆ ಪುಣೆಯೆಂದರೆ ಕಾಲೇಜು ಕಲಿಯುವ ಊರು, ರೇಲ್ವೆ ನೌಕರಿಯ ಊರು, ಖಡಕಿಯ ಮದ್ದುಗುಂಡಿನ ಕಾರಖಾನೆಯ ಊರು. ಕರಾವಳಿಯಿಂದ ಬಂದವರು ಹೋಟೆಲು ತೆರೆದರು. ನಮ್ಮ ತಂದೆಯವರು ಖಡಕಿಯಲ್ಲಿ ಕೆಲಸಕ್ಕಿದ್ದರು. ನಮ್ಮ ಬಿಡಾರ ನಾರಾಯಣ ಪೇಟೆಯ ಒಂದು ಹಳೆಯ ವಾಡೆಯಲ್ಲಿ. ಮುಠಾ ನದಿ ಅಲ್ಲಿಂದ ಕೂಗಳತೆಯ ದೂರ.

ಪುಣೆಯ ಮೇಲ್ಗಡೆ ಮುಠೆಗೆ ಅಡ್ಡಲಾಗಿ ಖಡಕವಾಸಲೆಯ ಆಣೆಕಟ್ಟು ಇದೆ. ಬ್ರಿಟಿಷರ ಕಾಲದಲ್ಲಿ, 1879ರ ಸುಮಾರಿಗೆ ಕಟ್ಟಿ ಮುಗಿಸಿದ ಕಲ್ಲಿನ ಕಟ್ಟಡವದು. ಪಟ್ಟಣಕ್ಕೆ ಕುಡಿಯುವ ನೀರು ಅಲ್ಲಿಂದಲೇ ಬರುತ್ತಿತ್ತು. ಅದಕ್ಕೂ ಮೇಲೆ, ಅಂಬಿ ಎಂಬ ಉಪನದಿಗೆ ಪಾನಶೇತಿನಲ್ಲಿ ಮಣ್ಣಿನ ಹೊಸ ಆಣೆಕಟ್ಟು ಏಳುತ್ತಿತ್ತು. 1961ರ ಮಳೆಗಾಲ ಬಂದಾಗ ಅದರ ಒಡ್ಡು ಎದ್ದಿತ್ತು, ನೀರು ನಿಂತಿತ್ತು. ಆದರೆ ನೀರನ್ನು ಹೊರಬಿಡುವ ಕೊಳವಿಯ ಕೆಲಸ ಪೂರ್ತಿಯಾಗಿರಲಿಲ್ಲ. ಮಣ್ಣಿನ ಆಣೆಕಟ್ಟಿನ ಗುಣವೇ ಹಾಗೆ: ನೀರು ಅದರ ಎದೆಗೆ ಒತ್ತಿ ನಿಂತರೆ ತಾಳುತ್ತದೆ, ನೆತ್ತಿಯ ಮೇಲೆ ಹರಿದರೆ ತಾಳಲಾರದು. ಜುಲೈ ತಿಂಗಳ ಭಾರಿ ಮಳೆಗೆ ನೀರು ಏರಿತು. ಕೊಳವಿಯ ಮೇಲಿನ ಮಣ್ಣು ಕುಸಿಯತೊಡಗಿತು. 11ನೆಯ ತಾರೀಖಿನ ರಾತ್ರಿ ಸೇನೆಯ ಜವಾನರು ಕತ್ತಲೆಯಲ್ಲಿ, ಸುರಿಯುವ ಮಳೆಯಲ್ಲಿ, ಕುಸಿದ ಭಾಗದ ಮೇಲೆ ಮರಳಿನ ಚೀಲಗಳನ್ನು ಒಟ್ಟಿ ಒಟ್ಟಿ ಒಡ್ಡನ್ನು ಹಿಡಿದಿಟ್ಟರು. ಕಟ್ಟು ನಡುರಾತ್ರಿಯಲ್ಲೇ ಒಡೆದಿದ್ದರೆ ಪುಣೆ ಮಲಗಿದಲ್ಲೇ ಮುಳುಗುತ್ತಿತ್ತು. ಅವರು ಗಳಿಸಿಕೊಟ್ಟ ಆ ಕೆಲವು ತಾಸುಗಳು ಎಷ್ಟು ಜೀವಗಳನ್ನು ಉಳಿಸಿದವೆಂದು ಲೆಕ್ಕ ಹಾಕಿದವರಿಲ್ಲ.

12ನೆಯ ತಾರೀಖು ಬುಧವಾರ ಬೆಳಿಗ್ಗೆ ಪಾನಶೇತ್ ಒಡೆಯಿತು. ಆ ನೀರೆಲ್ಲ ಬಂದು ಖಡಕವಾಸಲೆಯ ಕೆರೆಗೆ ಬಿತ್ತು. ಎಂಬತ್ತು ವರ್ಷದ ಆ ಮುದಿ ಗೋಡೆಯೂ ಮಧ್ಯಾಹ್ನದ ಹೊತ್ತಿಗೆ ಬಾಯಿಬಿಟ್ಟಿತು. ಲಕಡಿ ಪೂಲು ಮುಳುಗಿತು. ಶನಿವಾರ ಪೇಟೆ, ನಾರಾಯಣ ಪೇಟೆ, ಕಸಬಾ ಪೇಟೆಯ ನದೀತೀರ, ಆಚೆಯ ಡೆಕ್ಕನ್ ಜಿಮಖಾನಾದ ತಗ್ಗು, ಎಲ್ಲೆಲ್ಲೂ ಕೆಸರು ನೀರು. ಮಣ್ಣಿನ ಇಟ್ಟಿಗೆಯ ವಾಡೆಗಳು ಸಕ್ಕರೆಯಂತೆ ಕರಗಿ ಕುಳಿತವು. ಸತ್ತವರು ಸಾವಿರದಷ್ಟೆಂದು ಸಾಮಾನ್ಯವಾಗಿ ಹೇಳುತ್ತಾರೆ. ಲೆಕ್ಕಗಳು ಒಂದಕ್ಕೊಂದು ಹೊಂದುವುದಿಲ್ಲ.

ಆ ಬೆಳಿಗ್ಗೆ ನಮ್ಮ ಓಣಿಯಲ್ಲಿ ಏನು ನಡೆಯಿತೆಂಬುದನ್ನು ಹೇಳಬೇಕು. ತಂದೆಯವರು ಎಂದಿನಂತೆ ಸೈಕಲ್ ಏರಿ ಖಡಕಿಗೆ ಹೋಗಿದ್ದರು. ಯಾರೋ “ಧರಣ ಫುಟಲಂ” ಎಂದು ಕೂಗುತ್ತ ಹೋದರು. ಕೆಲವರು ನಂಬಿದರು, ಕೆಲವರು ನಕ್ಕರು. ಖಡಕವಾಸಲೆ ಇರುವಾಗ ನಮಗೇನು ಭಯ ಎಂದು ವಾಡೆಯ ಹಿರಿಯರೊಬ್ಬರು ಕಟ್ಟೆಯ ಮೇಲೆ ಕುಳಿತೇ ಇದ್ದರು. ನಮ್ಮ ತಾಯಿ ಕೃಷ್ಣೆಯ ದಂಡೆಯ ಊರಿನಲ್ಲಿ ಹುಟ್ಟಿದವರು. ಹೊಳೆಯ ಸ್ವಭಾವ ಬಲ್ಲವರು. ಒಲೆಯ ಮೇಲಿನ ಅನ್ನವನ್ನು ಹಾಗೆಯೇ ಬಿಟ್ಟು, ಪಕ್ಕದ ಮನೆಯ ಮುದುಕಿಯನ್ನೂ ನಮ್ಮ ಮೂವರು ಮಕ್ಕಳನ್ನೂ ಎಬ್ಬಿಸಿಕೊಂಡು ಪರ್ವತಿ ಗುಡ್ಡದ ದಾರಿ ಹಿಡಿದರು. ಆ ಮುದುಕಿ ಮರಾಠಿಯವರು; ನಾವು ಅವರನ್ನು ಆಜಿ ಎನ್ನುತ್ತಿದ್ದೆವು. ಗುಡ್ಡದ ಮೇಲೆ ಸಾವಿರಾರು ಮಂದಿ. ಸಂಜೆಗೆ ಉಡುಪಿಯ ಕಡೆಯ ಹೋಟೆಲಿನವರೊಬ್ಬರು ಬುಟ್ಟಿಗಳಲ್ಲಿ ಅವಲಕ್ಕಿ ಹೊರಿಸಿಕೊಂಡು ಬಂದು ಕೈಗೆ ಕೈಗೆ ಹಂಚಿದರು. ಯಾವ ಊರು, ಯಾವ ಜಾತಿ, ಯಾವ ಭಾಷೆ ಎಂದು ಅವರೂ ಕೇಳಲಿಲ್ಲ, ಉಂಡವರೂ ಕೇಳಲಿಲ್ಲ. ತಂದೆಯವರು ನಮ್ಮನ್ನು ಹುಡುಕಿಕೊಂಡು ಬಂದದ್ದು ಮರುದಿನ.

ನೀರು ಇಳಿದ ಮೇಲೆ ಇನ್ನೊಂದು ಕಷ್ಟ ತಲೆಯೆತ್ತಿತು. ಊರೆಲ್ಲ ನೀರಿನಲ್ಲಿ ತೊಯ್ದಿದ್ದರೂ ಕುಡಿಯಲು ಹನಿಯಿಲ್ಲ, ಖಡಕವಾಸಲೆಯೇ ಹೋಗಿತ್ತಲ್ಲ! ಅದರ ಜೊತೆಗೆ, ಮತ್ತೆ ನೀರು ಬಂತೆಂಬ ಸುಳ್ಳುಸುದ್ದಿ ಹಬ್ಬಿ ಮಂದಿ ಚೆಲ್ಲಾಪಿಲ್ಲಿಯಾಗಿ ಓಡಿದರು. ಮೊದಲ ದಿನ ಖರೇ ಸುದ್ದಿಯನ್ನು ನಂಬದ ಊರು ಮುಂದಿನ ದಿನಗಳಲ್ಲಿ ಸುಳ್ಳು ಸುದ್ದಿಯನ್ನು ನಂಬಿತು. ಸರಿಯಾದ ಮಾತು ಸರಿಯಾದ ಹೊತ್ತಿಗೆ ಎಲ್ಲರ ಕಿವಿಗೂ ಮುಟ್ಟದಿದ್ದರೆ ಹೀಗಾಗುವುದು ಸಹಜ. ಸರಕಾರವು ವಿಚಾರಣಾ ಆಯೋಗವನ್ನು ನೇಮಿಸಿತು. ಒಡೆದ ಕಟ್ಟುಗಳನ್ನು ಕಾಲಕ್ರಮದಲ್ಲಿ ಮತ್ತೆ ಕಟ್ಟಲಾಯಿತು. ಮನೆ ಕಳೆದುಕೊಂಡವರಿಗಾಗಿ ಲೋಕಮಾನ್ಯನಗರ, ಗೋಖಲೆನಗರ ಮೊದಲಾದ ವಸಾಹತುಗಳು ಎದ್ದವು. ಇಂದಿನ ಪುಣೆಯ ಎಷ್ಟೋ ಬಡಾವಣೆಗಳು ಆ ಪೂರದ ಮಕ್ಕಳೆಂಬುದು ಹೊಸದಾಗಿ ಬಂದ ನಮ್ಮ ತರುಣರಿಗೆ ತಿಳಿದಿರಲಾರದು.

ನಮ್ಮ ವಾಡೆ ಬೀಳಲಿಲ್ಲ. ಆದರೆ ಒಳಗೋಡೆಯ ಮೇಲೆ, ನಮ್ಮ ತಂದೆಯವರ ತಲೆಗಿಂತ ಒಂದು ಮೊಳ ಎತ್ತರದಲ್ಲಿ, ಕೆಸರಿನ ಗೆರೆಯೊಂದು ಉಳಿಯಿತು. ವಾಡೆಯ ಯಜಮಾನರು ಸುಣ್ಣ ಹೊಡೆಸುವಾಗ ಅಷ್ಟು ಜಾಗ ಬಿಡಿಸಿ, ಅದರ ಕೆಳಗೆ ತಾರೀಖು ಬರೆಯಿಸಿದರು. ಆ ಗೆರೆಯ ಮಾತು ಮುಂದೆ ಬರುತ್ತದೆ.

ಪಾನಶೇತಿನ ನೆನಪು ಹಸಿಯಾಗಿರುವಾಗಲೇ ಕೊಯ್ನೆಯ ಸರದಿ ಬಂತು. ಸಾತಾರೆ ಜಿಲ್ಲೆಯಲ್ಲಿ ಕೊಯ್ನಾ ನದಿಗೆ 103 ಮೀಟರ್ ಎತ್ತರದ ಆಣೆಕಟ್ಟು ಕಟ್ಟಿ, ಗುಡ್ಡದ ಹೊಟ್ಟೆಯೊಳಗೆ ವಿದ್ಯುದಾಗಾರ ನಿಲ್ಲಿಸಿದ್ದರು. ಮುಂಬಯಿಯ ಗಿರಣಿಗಳೂ ಕಾರಖಾನೆಗಳೂ ಆ ವಿದ್ಯುತ್ತನ್ನೇ ನೆಚ್ಚಿದ್ದವು. ದಕ್ಷಿಣದ ಪ್ರಸ್ಥಭೂಮಿ ಕರಿಕಲ್ಲಿನ ಗಟ್ಟಿ ನೆಲ, ಇಲ್ಲಿ ದೊಡ್ಡ ಭೂಕಂಪವಾಗದು ಎಂಬುದು ಆಗಿನ ನಂಬಿಕೆ. ಆದರೆ 1962ರಲ್ಲಿ ನೀರು ತುಂಬತೊಡಗಿದ ಮೇಲೆ ಅಲ್ಲಿ ಸಣ್ಣ ಸಣ್ಣ ನಡುಕಗಳು ಆರಂಭವಾದವು. 1916ರಲ್ಲಿ ಆರಂಭವಾಗಿ ಖಡಕವಾಸಲೆಯಲ್ಲಿ ನೆಲೆಗೊಂಡ ಕೇಂದ್ರೀಯ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರದವರು ಕೊಯ್ನೆಯಲ್ಲಿ ಕಂಪಮಾಪಕಗಳನ್ನಿಟ್ಟು ಅವನ್ನು ಎಣಿಸುತ್ತಿದ್ದರು. 1967ರ ಸೆಪ್ಟೆಂಬರ್ 13ರಂದು ಕೊಂಚ ದೊಡ್ಡದೇ ಆಯಿತು. ನೆಲ ಮುನ್ಸೂಚನೆ ಕೊಟ್ಟಂತಾಗಿತ್ತು.

ಆ ವರ್ಷ ಇನ್ನೊಂದು ವಿಷಯವೂ ಮನೆ ಮನೆಯಲ್ಲಿ ಕಾವೇರಿತ್ತು. ಗಡಿಯ ಪ್ರಶ್ನೆಗಾಗಿ 1966ರಲ್ಲಿ ನೇಮಕವಾದ ಮಹಾಜನ ಆಯೋಗವು 1967ರ ಆಗಸ್ಟಿನಲ್ಲಿ ವರದಿ ಕೊಟ್ಟಿತ್ತು. ಬೆಳಗಾವಿಯ ಹೆಸರೆತ್ತಿದರೆ ಸಾಕು, ದಿನವೂ ಮಜ್ಜಿಗೆ, ಹುಳಿ ಕೊಟ್ಟು ತೆಗೆದುಕೊಳ್ಳುತ್ತಿದ್ದ ನೆರೆಮನೆಗಳ ನಡುವೆಯೂ ಮಾತು ಬಿಗಿಯಾಗುತ್ತಿತ್ತು. ನಮ್ಮ ವಾಡೆಯೂ ಇದಕ್ಕೆ ಹೊರತಾಗಿರಲಿಲ್ಲ. ಪರ್ವತಿ ಗುಡ್ಡಕ್ಕೆ ಒಟ್ಟಿಗೆ ಓಡಿದವರೇ ನಲ್ಲಿಯ ಹತ್ತಿರ ಮುಖ ತಿರುಗಿಸಿ ನೀರು ತುಂಬಿಕೊಳ್ಳುತ್ತಿದ್ದರು.

ಡಿಸೆಂಬರ್ 11, ಸೋಮವಾರ. ಬೆಳಗಿನ ಜಾವ ನಾಲ್ಕು ಗಂಟೆ ಇಪ್ಪತ್ತು ನಿಮಿಷ ಕಳೆದಿತ್ತು. ಮಾಡದಲ್ಲಿಟ್ಟ ಪಾತ್ರೆಗಳು ಗಲಗಲ ಸದ್ದು ಮಾಡಿದವು, ತೊಲೆಗಳು ನರಳಿದವು. ಎಲ್ಲರೂ ಅಂಗಳಕ್ಕೆ ಬಿದ್ದೆವು. ಚಳಿಯಲ್ಲಿ ಕಂಬಳಿ ಹೊದ್ದು ನಿಂತವರ ಬಾಯಲ್ಲಿ ಬಂದ ಮೊದಲ ಮಾತು ಭೂಕಂಪವೆಂದಲ್ಲ, “ಧರಣ ಫುಟಲಂ ಕಾ?” ಎಂದು. ಆರು ವರ್ಷವಾದರೂ ಪಟ್ಟಣದ ಎದೆಯಿಂದ ಆ ನೀರು ಇಳಿದಿರಲಿಲ್ಲ. ಆಜಿ ಬಂದು ನಮ್ಮ ತಾಯಿಯ ಕೈ ಹಿಡಿದುಕೊಂಡರು. ಗಡಿಯ ಮಾತು ಆ ಅಂಗಳದಲ್ಲಿ ಯಾರಿಗೂ ನೆನಪಾಗಲಿಲ್ಲ.

ಬೆಳಗಾದ ಮೇಲೆ ಸುದ್ದಿ ಬಂತು: ಕಂಪದ ನಡುಮನೆ ಕೊಯ್ನಾನಗರ. ಆ ಊರಿನ ಬಹುಪಾಲು ಮನೆಗಳು ನೆಲಕ್ಕೊರಗಿದ್ದವು ಅಥವಾ ವಾಸಕ್ಕೆ ಬಾರದಂತಾಗಿದ್ದವು. ಸುಮಾರು 180 ಮಂದಿ ಸತ್ತರು. ಗಾಯಗೊಂಡವರು ಸಾವಿರಕ್ಕೂ ಮೇಲೆ. ವಿದ್ಯುದಾಗಾರ ನಿಂತಿತು, ಮುಂಬಯಿಯ ಯಂತ್ರಗಳು ನಿಂತವು. ಆಣೆಕಟ್ಟಿನ ಮೈಮೇಲೆ, ಎತ್ತರದ ಭಾಗದಲ್ಲಿ, ಅಡ್ಡ ಬಿರುಕುಗಳು ಬಿದ್ದವು. ಭೂಮಿಯ ಸೆಳೆತದ ನೂರರಲ್ಲಿ ಐದು ಪಾಲಿನಷ್ಟು ಅಲುಗಾಟಕ್ಕೆ ಲೆಕ್ಕ ಹಾಕಿ ಕಟ್ಟಿದ ಆಣೆಕಟ್ಟಿನಲ್ಲಿ ಮಾಪಕಯಂತ್ರವು ಅರವತ್ತಮೂರು ಪಾಲನ್ನು ಬರೆದಿಟ್ಟಿತ್ತು! ಆದರೂ ಕಟ್ಟು ಒಡೆಯಲಿಲ್ಲ.

ಒಡೆದಿದ್ದರೆ? ಇಲ್ಲಿ ನಮ್ಮ ವಾಚಕರು ಭೂಪಟವನ್ನು ತೆರೆದು ನೋಡಬೇಕು. ಕೊಯ್ನಾ ನದಿ ಕರಾಡಿನಲ್ಲಿ ಕೃಷ್ಣೆಯನ್ನು ಸೇರುತ್ತದೆ. ಕೃಷ್ಣೆ ಸಾಂಗಲಿಯನ್ನು ದಾಟಿ ಚಿಕ್ಕೋಡಿ, ಅಥಣಿ, ಜಮಖಂಡಿಯ ಸೀಮೆಗೆ ಬರುತ್ತದೆ. ಆಗ ಆಲಮಟ್ಟಿಯ ಆಣೆಕಟ್ಟು ಇರಲಿಲ್ಲ. ನೀರನ್ನು ತಡೆಯಲು ನಡುವೆ ಬೇರೆ ಗಟ್ಟಿ ಆಸರೆಯಿಲ್ಲ. ನಮ್ಮ ತಾಯಿಯ ತವರು ಜಮಖಂಡಿ ತಾಲೂಕಿನ ಹೊಳೆದಂಡೆಯ ಹಳ್ಳಿ. ಅಂದು ತಂದೆಯವರು ತಾರ್ ಆಫೀಸಿನ ಮುಂದೆ ಎರಡು ತಾಸು ಸರದಿಯಲ್ಲಿ ನಿಂತು ತಾರು ಕೊಟ್ಟುಬಂದರು. ಮೂರನೆಯ ದಿನ “ಎಲ್ಲರೂ ಕ್ಷೇಮ” ಎಂಬ ಉತ್ತರ ಬರುವವರೆಗೆ ತಾಯಿ ಸರಿಯಾಗಿ ಉಣ್ಣಲಿಲ್ಲ. ಅವರ ಹಿಂದೆ ಅದೇ ಸರದಿಯಲ್ಲಿ ನಿಂತಿದ್ದವರು ಕರಾಡು, ಸಾಂಗಲಿಯ ಕಡೆಯ ಮರಾಠಿಗರು. ಎರಡೂ ಭಾಷೆಯವರ ತಾರುಗಳು ಒಂದೇ ಹೊಳೆಯ ಗುಂಟ ಹೋದವು. ಇನ್ನು ಮುಠೆಯ ದಾರಿಯನ್ನೂ ನೋಡಿರಿ: ಅದು ಮುಳೆಯೊಡನೆ ಕೂಡಿ ಭೀಮೆಯನ್ನು ಸೇರಿ, ಸೊಲ್ಲಾಪುರ ಜಿಲ್ಲೆಯನ್ನು ಹಾಯ್ದು, ಇಂಡಿ, ಅಫಜಲಪುರಗಳ ಮಗ್ಗುಲಲ್ಲಿ ಹರಿದು, ರಾಯಚೂರಿನ ಸೀಮೆಯಲ್ಲಿ ಕೃಷ್ಣೆಗೆ ಬೀಳುತ್ತದೆ. ಪುಣೆಯ ಸೇತುವೆಯ ಕೆಳಗೆ ಹೋಗುವ ನೀರು ನಮ್ಮ ಊರಿಗೇ ಹೋಗುತ್ತಿದೆ.

ಕೊಯ್ನೆ ಜಗತ್ತಿಗೆ ಒಂದು ಹೊಸ ಪಾಠ ಕಲಿಸಿತು. ನೆಲದಾಳದಲ್ಲಿ ಹಳೆಯ ಬಿರುಕುಗಳಿರುತ್ತವೆ. ಎರಡು ಬಂಡೆಗಳು ಒಂದನ್ನೊಂದು ಒತ್ತಿ, ಜಾರಲಾರದೆ, ಬಿಗಿಹಿಡಿದು ನಿಂತಿರುತ್ತವೆ. ಮೇಲೆ ಕೆರೆ ನಿಂತರೆ ನೀರು ಆ ಬಿರುಕಿಗಿಳಿದು ಹಿಡಿತವನ್ನು ಸಡಿಲಿಸುತ್ತದೆ. ಆಗ ಎಂದೋ ಜಾರಬೇಕಾಗಿದ್ದ ಬಂಡೆ ಇಂದೇ ಜಾರುತ್ತದೆ. ನೀರು ಭೂಕಂಪವನ್ನು ಹುಟ್ಟಿಸಲಿಲ್ಲ, ಎಬ್ಬಿಸಿತು ಎನ್ನಬಹುದು. ಜಲಾಶಯದಿಂದ ಎದ್ದ ಭೂಕಂಪಗಳಲ್ಲಿ ಕೊಯ್ನೆಯದೇ ಅತಿ ದೊಡ್ಡದೆಂದು ಪಂಡಿತರು ಎಣಿಸುತ್ತಾರೆ. ಆಣೆಕಟ್ಟಿಗೆ ಬೆನ್ನಾಸರೆ ಕಟ್ಟಿ ಗಟ್ಟಿಮಾಡಲಾಯಿತು. ಭೂಕಂಪದ ನಕಾಶೆಗಳನ್ನು ತಿದ್ದಲಾಯಿತು. ಇಂದಿಗೂ ಕರಾಡಿನಲ್ಲಿ ನೆಲವನ್ನು ಆಳಕ್ಕೆ ಕೊರೆದು ಅಭ್ಯಾಸ ನಡೆಸುವ ಸಂಶೋಧನಾಲಯವಿದೆ. ಗಟ್ಟಿ ನೆಲವೆಂಬ ನಂಬಿಕೆಗೆ ಇನ್ನೊಂದು ಪೆಟ್ಟು 1993ರ ಸೆಪ್ಟೆಂಬರ್ 30ರಂದು ಬಿತ್ತು. ಕಲ್ಯಾಣದ ನೆರೆಯ ಕಿಲ್ಲಾರಿ, ಉಮರಗಾ ಭಾಗದಲ್ಲಿ ಬೆಳಗಾಗುವುದರೊಳಗೆ ಹತ್ತು ಸಾವಿರದ ಸುಮಾರು ಜನ ಕಲ್ಲುಮಣ್ಣಿನ ಮನೆಗಳಡಿ ತೀರಿಕೊಂಡರು.

ಈಗ ಜಪಾನಕ್ಕೆ ಬರೋಣ. ಫುಕುಶಿಮಾದಲ್ಲಿ ನೆಲ ನಡುಗಿದ ಕೂಡಲೇ ನಡೆಯುತ್ತಿದ್ದ ಮೂರು ರಿಯಾಕ್ಟರುಗಳೂ ತಾವಾಗಿಯೇ ನಿಂತವು. ಅಲ್ಲಿಯವರೆಗೆ ಎಲ್ಲ ಸರಿಯೇ. ಆದರೆ ಉರಿ ಆರಿಸಿದ ಮೇಲೂ ಒಲೆಯಲ್ಲಿ ಕೆಂಡದ ಕಾವು ಉಳಿಯುವಂತೆ, ಅಣುವಿನ ಇಂಧನವು ನಿಂತ ಮೇಲೂ ಸುಡುತ್ತಿರುತ್ತದೆ. ಅದಕ್ಕೆ ದಿನಗಟ್ಟಲೆ ತಣ್ಣೀರು ಹಾಯಿಸುತ್ತಲೇ ಇರಬೇಕು. ಹೊರಗಿನ ವಿದ್ಯುತ್ತು ಭೂಕಂಪದಿಂದ ಕಡಿಯಿತು. ಡೀಸೆಲ್ ಯಂತ್ರಗಳು ಹೊತ್ತಿಕೊಂಡವು. ಮುಕ್ಕಾಲು ತಾಸು ಕಳೆದಾಗ ಹದಿನಾಲ್ಕು ಹದಿನೈದು ಮೀಟರ್ ನೀರು ಏರಿಬಂದು ನೆಲಮಾಳಿಗೆಯಲ್ಲಿದ್ದ ಆ ಯಂತ್ರಗಳನ್ನು ಮುಳುಗಿಸಿತು. ಸ್ಥಾವರದವರು ಲೆಕ್ಕ ಹಾಕಿದ್ದು ಆರು ಮೀಟರಿಗೂ ಕಡಿಮೆ ಎತ್ತರದ ಅಲೆಗೆ. ಮೂರೂ ರಿಯಾಕ್ಟರುಗಳ ಇಂಧನ ಕರಗಿತು. ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಮನೆ ಬಿಡಬೇಕಾಯಿತು. ಕಡಲ ಹೊಡೆತಕ್ಕೆ ಸತ್ತವರೂ ಕಾಣೆಯಾದವರೂ ಹದಿನೆಂಟು ಸಾವಿರಕ್ಕಿಂತ ಹೆಚ್ಚು.

ಹದಿನೈದು ಮೀಟರಿಗೂ ಮಿಕ್ಕ ಅಲೆ ಬರಬಹುದೆಂದು 2008ರಲ್ಲಿ ಆ ಕಂಪನಿಯದೇ ಒಂದು ಲೆಕ್ಕ ತೋರಿಸಿತ್ತು. ಗೋಡೆ ಮಾತ್ರ ಏರಲಿಲ್ಲ. ಜಪಾನದ ಸಂಸತ್ತು ನೇಮಿಸಿದ, ಕಿಯೋಶಿ ಕುರೊಕಾವಾ ಅವರ ಅಧ್ಯಕ್ಷತೆಯ ಆಯೋಗವು 2012ರಲ್ಲಿ ಈ ಅಪಘಾತವನ್ನು ಮನುಷ್ಯಕೃತವೆಂದೇ ಸಾರಿತು. ಅದೇ ಕರಾವಳಿಯ ಒನಾಗಾವಾ ಸ್ಥಾವರವು ಕಂಪದ ಕೇಂದ್ರಕ್ಕೆ ಇನ್ನೂ ಸಮೀಪ. ಆದರೆ ಅದನ್ನು ಕಟ್ಟುವ ಮುನ್ನ ಯಾನೊಸುಕೆ ಹಿರಾಯ್ ಎಂಬ ಎಂಜಿನಿಯರರು 869ನೆಯ ಇಸವಿಯ ಹಳೆಯ ಪ್ರಳಯವನ್ನು ನೆನಪಿಗೆ ತಂದು, ನೆಲದ ಮಟ್ಟ 14.8 ಮೀಟರ್ ಇರಲೇಬೇಕೆಂದು ಹಟ ಹಿಡಿದಿದ್ದರು. ಸ್ಥಾವರ ಉಳಿಯಿತು, ಮನೆ ಕಳೆದುಕೊಂಡ ಸುತ್ತಲಿನ ಹಳ್ಳಿಗರು ಅದರ ವ್ಯಾಯಾಮಶಾಲೆಯಲ್ಲೇ ಆಶ್ರಯ ಪಡೆದರು. ಆನೆಯೋಶಿ ಎಂಬ ಹಳ್ಳಿಯಲ್ಲಿ 1933ರ ಪ್ರಳಯದ ತರುವಾಯ ಹಿರಿಯರು ಕಲ್ಲು ನೆಟ್ಟು, ಇದರ ಕೆಳಗೆ ಮನೆ ಕಟ್ಟಬೇಡಿರೆಂದು ಕೊರೆಯಿಸಿದ್ದರು. ಮಕ್ಕಳು ಆ ಮಾತನ್ನು ನಡೆಸಿಕೊಂಡು ಬಂದರು. 2011ರ ನೀರು ಆ ಕಲ್ಲಿನಿಂದ ಕೆಳಗೇ ನಿಂತಿತು.

ಆ ಕಲ್ಲಿನ ಸುದ್ದಿ ಓದಿದಾಗ ನಮಗೆ ವಾಡೆಯ ಗೋಡೆಯ ಗೆರೆ ನೆನಪಾಯಿತು. ಹೋಗಿ ನೋಡಿದೆವು. ವಾಡೆಯನ್ನು ಕೆಡವಿ ಐದು ಮಜಲಿನ ಕಟ್ಟಡ ಎಬ್ಬಿಸಿದ್ದರು. ನೆಲಮಾಳಿಗೆಯಲ್ಲಿ ಮೋಟಾರುಗಳನ್ನು ನಿಲ್ಲಿಸುವ ಜಾಗ. ವಿದ್ಯುತ್ತಿನ ಪೆಟ್ಟಿಗೆಗಳೂ ನೀರೆತ್ತುವ ಪಂಪೂ ಅಲ್ಲಿಯೇ. 1961ರಲ್ಲಿ ಎಲ್ಲಿಯವರೆಗೆ ನೀರು ಬಂದಿತ್ತೆಂದು ಅಲ್ಲಿದ್ದವರಿಗೆ ಗೊತ್ತಿರಲಿಲ್ಲ. ಅವರಲ್ಲಿ ಇಬ್ಬರು ನಮ್ಮ ಕನ್ನಡದವರೇ. ಹುಬ್ಬಳ್ಳಿ ಕಡೆಯಿಂದ ಸಾಫ್ಟ್‌ವೇರ್ ಕೆಲಸಕ್ಕೆ ಬಂದ ತರುಣರು. ತಪ್ಪು ಅವರದಲ್ಲ. ಹೇಳಬೇಕಾದವರು ನಾವು ಹೇಳಿರಲಿಲ್ಲ.

ನಮ್ಮ ನಾಡಿನ ಕಡೆಗೂ ಕಣ್ಣು ಹಾಯಿಸಬೇಕು. ಕಾರವಾರ ತಾಲೂಕಿನ ಕೈಗಾ ಅಣುಸ್ಥಾವರವು ಕಾಳಿ ನದಿಯ ದಂಡೆಯಲ್ಲಿದೆ. ಮೇಲ್ಗಡೆ ಸೂಪಾ, ಕೊಡಸಳ್ಳಿಯ ಆಣೆಕಟ್ಟುಗಳು, ಕೆಳಗೆ ಕದ್ರಾ. 1994ರ ಮೇ ತಿಂಗಳಲ್ಲಿ, ಇನ್ನೂ ಕಟ್ಟುತ್ತಿರುವಾಗಲೇ, ಅಲ್ಲಿಯ ಗುಮ್ಮಟದ ಒಳಪದರ ಕಳಚಿ ಬಿದ್ದಿತ್ತು. ವಿನ್ಯಾಸ ತಿದ್ದಿ ಮತ್ತೆ ಕಟ್ಟಿದರು. ಮುಂದೆ 2018ರಲ್ಲಿ ಅದೇ ಸ್ಥಾವರದ ಒಂದು ಘಟಕ 962 ದಿನ ಎಡೆಬಿಡದೆ ನಡೆದು ಜಗತ್ತಿನ ದಾಖಲೆ ಮಾಡಿತು. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಕಲ್ಪಾಕ್ಕಮಿನ ಪಂಪಿನ ಮನೆಗೆ ನೀರು ನುಗ್ಗಿದಾಗ ರಿಯಾಕ್ಟರನ್ನು ಸುರಕ್ಷಿತವಾಗಿ ನಿಲ್ಲಿಸಿದ್ದರು. ಆದುದರಿಂದ ಯಂತ್ರಗಳೇ ಬೇಡ, ಆಣೆಕಟ್ಟುಗಳೇ ಬೇಡ ಎನ್ನುವುದು ನಮ್ಮ ಮಾತಲ್ಲ. ಆ ನೀರನ್ನು ಕುಡಿದು, ಆ ದೀಪದಡಿಯಲ್ಲಿ ಓದಿ ಬೆಳೆದವರು ನಾವು. ಕಟ್ಟಿದವರು ಕೆಡುವ ದಾರಿಯನ್ನೂ ಎಣಿಸಿರಬೇಕು, ಎಣಿಸಿದ್ದನ್ನು ಕೆಳಗಿರುವ ಜನಕ್ಕೆ ಹೇಳಿರಬೇಕು. ಇಷ್ಟೇ ನಮ್ಮ ಬೇಡಿಕೆ. 2021ರ ಆಣೆಕಟ್ಟು ಸುರಕ್ಷತಾ ಕಾಯಿದೆಯು ಆಣೆಕಟ್ಟಿನ ಒಡೆಯರು ಆಪತ್ಕಾಲದ ಯೋಜನೆಯನ್ನು ಸಿದ್ಧಪಡಿಸಿಡಬೇಕೆಂದು ವಿಧಿಸಿದೆ. ಅದನ್ನು ಕೇಳಿ ತಿಳಿಯುವ ಹಕ್ಕು ಹೊಳೆದಂಡೆಯ ಪ್ರತಿ ಮನೆಗೂ ಇದೆ.

ಸಂಘದ ಬಾಂಧವರಲ್ಲಿ ನಮ್ಮದೊಂದು ವಿಜ್ಞಾಪನೆ. ಪೂರವನ್ನು ಕಂಡ ಹಿರಿಯರು ನಮ್ಮಲ್ಲಿ ಇನ್ನೂ ಕೆಲವರಿದ್ದಾರೆ. ಅವರನ್ನು ಕೂಡಿಸಿ ಕೇಳಿ ಬರೆದಿಡೋಣ. ಮುಠೆಯ ದಂಡೆಯಲ್ಲಿ ಮನೆ ಕೊಳ್ಳುವ ನಮ್ಮ ತರುಣರಿಗೆ 1961ರ ನೀರಿನ ಮಟ್ಟವನ್ನು ತೋರಿಸಿಕೊಡೋಣ. ಅಪಾಯದ ಸುದ್ದಿ ಬಂದಾಗ ನಂಬತಕ್ಕದ್ದು ಯಾವುದು, ಹತ್ತತಕ್ಕ ಎತ್ತರ ಯಾವುದು ಎಂಬುದನ್ನು ಮನೆಯಲ್ಲಿ ಮೊದಲೇ ಮಾತಾಡಿಕೊಂಡಿರೋಣ.

ತಾಯಿಯವರು ಈಗಿಲ್ಲ. ಆಜಿಯಂತೂ ಎಂದೋ ಹೋದರು. ಅವರ ಮೊಮ್ಮಗ ಪ್ರತಿವರ್ಷ ನಮ್ಮ ರಾಜ್ಯೋತ್ಸವಕ್ಕೆ ತಪ್ಪದೆ ಬಂದು ಹಿಂದಿನ ಸಾಲಿನಲ್ಲಿ ಕುಳಿತು ಹಾಡು ಕೇಳಿ ಹೋಗುತ್ತಾನೆ. ಈ ಸಲ ಅವನು ಬಂದಾಗ, ಪಾನಶೇತಿನ ದಿನ ಅವನ ಅಜ್ಜಿ ಗುಡ್ಡದ ಮೇಲೆ ಏನು ಉಂಡರೆಂಬುದನ್ನು ಅವನಿಗೆ ಹೇಳಬೇಕೆಂದಿದ್ದೇವೆ.